ತುಳಜವ್ವ ಅಣ್ಣನ ಕತ್ತಿ ಕೇಳಿದ್ದು

ಬಹಳ ಹಿಂದೆ, ನಮ್ಮಜ್ಜನ ಅಜ್ಜ ಇನ್ನೂ ಹುಟ್ಟಿರದ ಕಾಲದಲ್ಲಿ, ಹೊಳೆದಂಡೆಯ ಒಂದು ಊರಲ್ಲಿ ತುಳಜವ್ವ ಎಂಬ ವೈದ್ಯಗಿತ್ತಿ ಇದ್ದಳಂತೆ. ಹೊಟ್ಟೆಯಲ್ಲಿ ಗಂಟಾದರೆ ಅವಳು ಹೊಟ್ಟೆ ಕೊಯ್ಯುತ್ತಿರಲಿಲ್ಲ. ನಾಲ್ಕು ಸಣ್ಣ ತೂತು ಮಾಡಿ, ಬಿದಿರ ಕೊಳವೆ ಇಳಿಸಿ, ಕನ್ನಡಿಯಿಂದ ಬಿಸಿಲು ಹಾಯಿಸಿ ಗಂಟು ತೆಗೆಯುತ್ತಿದ್ದಳಂತೆ. ಮೂರನೆಯ ದಿನಕ್ಕೆ ರೋಗಿ ಎದ್ದು ಕೂತು, ಗಂಜಿಗೆ ಉಪ್ಪು ಕಮ್ಮಿ ಎಂದು ಹೆಂಡತಿಯನ್ನು ಬೈಯುತ್ತಿದ್ದನಂತೆ.

ಅವಳ ಅಣ್ಣ ಮಲಕಾಜಪ್ಪನೂ ವೈದ್ಯನೇ. ಅವನದು ಗೇಣುದ್ದದ ಗೀರು. ಕಣ್ಣಾರೆ ಕಂಡು, ಕೈಯಾರೆ ಮುಟ್ಟಿಯೇ ತೆಗೆಯಬೇಕು, ರೋಗಿ ಹದಿನೈದು ದಿನ ಮಲಗಿದರೆ ಮಲಗಲಿ ಎನ್ನುವ ಹಟ. ವರ್ಷ ಕಳೆದರೆ ಅವನ ರೋಗಿಗಳೂ ಇವಳ ರೋಗಿಗಳೂ ಒಂದೇ ಸಮ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದರಂತೆ. ಆದರೂ ಯಾರ ದಾರಿ ಮೇಲು ಎಂದು ಜಗಳವಾಡಿ, ಅಣ್ಣ ತಂಗಿ ಏಳು ವರ್ಷದಿಂದ ಮಾತು ಬಿಟ್ಟಿದ್ದರು.

ಹೀಗಿರುವಾಗ ಡೊಳ್ಳು ಬಾರಿಸುವ ಹಾಲಪ್ಪನ ಹೊಟ್ಟೆಯಲ್ಲಿ ಗಂಟಾಯಿತು. ಜಠರದ ಹಿಂದೆ ಅಡಗಿರುತ್ತದಲ್ಲ, ಈಗಿನ ಡಾಕ್ಟರು ಮೇದೋಜೀರಕ ಎನ್ನುತ್ತಾರಲ್ಲ, ಅದರ ಬಾಲದಲ್ಲಿ. ಡೊಳ್ಳು ಕಟ್ಟಿಕೊಳ್ಳುವುದು ಹೊಟ್ಟೆಯ ಮೇಲೆ. ಅಲ್ಲಿ ದೊಡ್ಡ ಗೀರು ಬಿದ್ದರೆ ತನ್ನ ಗತಿಯೇನು ಎಂದು ಅವನು ತುಳಜವ್ವನ ಕಾಲು ಹಿಡಿದ.

ಬಿಸಿಲೇರಿದ ಮೇಲೆ ತುಳಜವ್ವ ಕೊಳವೆ ಇಳಿಸಿದಳು. ಗಂಟು ಕಂಡಿತು. ಮುಟ್ಟುವಷ್ಟರಲ್ಲಿ ರಕ್ತನಾಳ ಹರಿಯಿತು. ಕನ್ನಡಿಯ ಬೆಳಕಲ್ಲಿ ಕೆಂಪು ಬಿಟ್ಟು ಬೇರೇನೂ ಕಾಣಲಿಲ್ಲ. ಇನ್ನೊಂದು ತೂತು ಮಾಡಿ ನೋಡಲೇ ಎಂದು ಮನಸ್ಸು ಹೊಯ್ದಾಡಿತಂತೆ. ಅಣ್ಣನೆದುರು ತಲೆ ತಗ್ಗಿಸುವುದಕ್ಕಿಂತ ಸಾಯುವುದು ಮೇಲು ಅನ್ನಿಸಿತಂತೆ. ಆದರೆ ಸಾಯುವವನು ಹಾಲಪ್ಪ.

ಓಣಿಗೆಲ್ಲ ಕೇಳುವಂತೆ ಕೂಗಿದಳಂತೆ: "ಯಣ್ಣಾ, ನಿನ್ನ ಕತ್ತಿ ತಗೊಂಡು ಬಾ. ನನ್ನ ಕಡೆಯಿಂದ ಆಗವಲ್ದು."

ಅದೇ ಓಣಿಯ ತನ್ನ ಮನೆಯಲ್ಲಿ ಮಲಕಾಜಪ್ಪ ಉಣ್ಣುವ ತಾಟು ಬಿಟ್ಟೆದ್ದು, ಕೈ ತೊಳೆದು ಓಡಿಬಂದ. ಹಂಗಿಸಲಿಲ್ಲ. ಗೀರಿದ, ಕೈಯಿಟ್ಟು ರಕ್ತ ನಿಲ್ಲಿಸಿದ. ಇಬ್ಬರೂ ಸೇರಿ ಗಂಟಿದ್ದ ಬಾಲವನ್ನು ಕತ್ತರಿಸಿ ತೆಗೆದರು. ಹೊಲಿಗೆ ಮಾತ್ರ ತಂಗಿಯೇ ಹಾಕಲಿ, ನನ್ನ ಹೊಲಿಗೆ ಗೋಣಿಚೀಲಕ್ಕಷ್ಟೇ ಸರಿ ಎಂದನಂತೆ. ಏಳು ವರ್ಷದ ಮೇಲೆ ಅವನಾಡಿದ ಮೊದಲ ಮಾತು ಅದು. ತುಳಜವ್ವ ಅಳುತ್ತಲೇ ನಕ್ಕಳಂತೆ.

ಹಾಲಪ್ಪ ಹದಿನೈದು ದಿನ ಮಲಗಿದ, ಆರು ತಿಂಗಳು ಡೊಳ್ಳು ಮುಟ್ಟಲಿಲ್ಲ. ಆಮೇಲೆ ಬಾರಿಸಿದ್ದು ಮೂರು ಊರಿಗೆ ಕೇಳಿಸಿತು ಎನ್ನುತ್ತಾರೆ. ಸುಳ್ಳಿದ್ದರೂ ಇರಲಿ ಬಿಡಿ, ಚೆಂದದ ಸುಳ್ಳು.

ಇಂದಿಗೂ ಆ ಊರಲ್ಲಿ ಬಾವಿ ತೋಡಲಿ, ಹೆರಿಗೆ ಮಾಡಿಸಲಿ, ಕಷ್ಟದ ಕೆಲಸಕ್ಕೆ ಕೈಹಾಕುವವರು ತುಳಜವ್ವನ ಹೆಸರು ಹೇಳಿ ಇನ್ನೊಬ್ಬರನ್ನು ನೆರವಿಗೆ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಮಾತು ಬಿಟ್ಟವರು ಯಾರಾದರೂ ಇದ್ದರೆ ಅವರನ್ನೇ ಕರೆಯಬೇಕು. ಕರೆದರೆ ಅವರು ಬರಲೇಬೇಕು.