ಮಹಾನಂದಾ ಬರೆದ ಚುಕ್ಕಿಗಳು

ನನ್ನ ಹೆಂಡತಿ ಮಹಾನಂದಾ ನೇಕಾರರ ಸಂಘದ ವೆಬ್‌ಸೈಟು ನೋಡಿಕೊಳ್ಳುತ್ತಿದ್ದಳು. ಪಾಸ್‌ವರ್ಡ್ ಉಳಿಸಲೇ ಎಂದು ಬ್ರೌಸರು ತಾನಾಗಿ ಕೇಳುತ್ತಿರಲಿಲ್ಲ. ಬೇನೆ ಜೋರಾದಾಗ ಆಕೆಯೇ ಸೆಟ್ಟಿಂಗ್ಸಿಗೆ ಹೋಗಿ, ಕೈಯಾರೆ ಬರೆದು ಉಳಿಸಿದಳು. "ನೀವು ಆ ಕಡೆ ನೋಡ್ರಿ" ಅಂದಳು. ನೋಡಿದೆ. ಆಕೆ ತೀರಿಕೊಂಡ ಮೇಲೆ ಸಂಘದಲ್ಲಿದ್ದ ಆಕೆಯ ಕುರ್ಚಿ ನನಗೆ ಬಂತು.

ಅಧ್ಯಕ್ಷ ಪರಪ್ಪನಿಗೆ ಆ ಕುರ್ಚಿಯಲ್ಲಿ ತನ್ನ ಅಳಿಯ ಬೇಕಿತ್ತು. ಒಂದು ಮಧ್ಯಾಹ್ನ ಬಂದು ನನ್ನ ಬೆನ್ನ ಹಿಂದೆ ನಿಂತ.

"ಏ, ಪಾಸ್‌ವರ್ಡ್ ಹೇಳು. ಹೇಳದಿದ್ರ ನಾಳಿಂದ ಬರಬ್ಯಾಡ."

"ನನಗ ಗೊತ್ತಿಲ್ರಿ. ಆಕಿನ್ನ ಕೇಳ್ತೀನಿ."

"ಸತ್ತಾಕಿನ್ನ?"

ನಾನು ಕಂಪ್ಯೂಟರಿನ ಕಡೆ ಬಾಗಿ ಮೆಲ್ಲಗೆ ಕರೆದೆ. "ಮಹಾನಂದಾ, ಸಾಹೇಬ್ರು ಬಂದಾರ."

ವೆಬ್‌ಸೈಟು ತೆರೆದೆ. ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡೆ. ಖಾಲಿ ಜಾಗದಲ್ಲಿ ಆಕೆಯ ಹೆಸರು ಮೂಡಿತು. ಅದರ ಕೆಳಗೆ ಕಪ್ಪು ಚುಕ್ಕಿಗಳು ಸಾಲಾಗಿ ಬಂದವು.

ಪರಪ್ಪನ ದನಿ ಇಳಿಯಿತು. "ಚುಕ್ಕಿ ಯಾಕ? ಅಕ್ಷರ ಬರೀಲಿ."

"ಬರಿಯಾಂಗಿಲ್ರಿ. ಅದು ಗಂಡನ ಹೆಸರು. ಬದುಕಿದ್ದಾಗೂ ಆಕಿ ಅದನ್ನ ಬಾಯಿಲೆ ಹೇಳಿದಾಕಿ ಅಲ್ಲ. ಬೇಕಾದ್ರ ನೀವ ಕೇಳ್ರಿ. ನಿಮ್ಮ ಬಲಕ್ಕ ನಿಂತಾಳ."

ಅವನು ಎಡಕ್ಕೆ ಜಿಗಿದ. "ಬ್ಯಾಡ ಬಿಡವ್ವ, ಕುರ್ಚಿ ನಿನ್ನ ಗಂಡಗ ಇರ್ಲಿ" ಎಂದು ಗಾಳಿಗೆ ಕೈಮುಗಿದು ಓಡಿದ. ಚಪ್ಪಲಿ ಬಾಗಿಲಲ್ಲೇ ಉಳಿದವು.

ನಾನು ನಕ್ಕೆ. ಗಂಡನ ಹೆಸರು ಅಂದದ್ದು ಬರೀ ಕಟ್ಟುಕತೆ. ಆದರೆ ನಿಜಕ್ಕೂ ಅದೇ ಇದ್ದರೂ ಇರಬಹುದೇನೋ ಅನ್ನಿಸಿತು. ಚುಕ್ಕಿಗಳ ಪಕ್ಕ ಕಣ್ಣಿನ ಗುರುತಿದೆ, ಒತ್ತಿದರೆ ಅಕ್ಷರ ಕಾಣುತ್ತವೆ. ಬೆರಳು ಅಲ್ಲಿಗೆ ಹೋಯಿತು.

ಬಲಗಡೆ ಬಳೆಯ ಸದ್ದಾಯಿತು.

ಬೆರಳು ತೆಗೆದೆ.