ಹದಿನೇಳನೆಯ ಪುಟದ ಸಾಲು

“ಗುರುಗಳೇ, ಜನರೇ ಒಪ್ಪಿಕೊಂಡಿರುವುದನ್ನು ಮಾಡಿದರೆ ತಪ್ಪೇನು?” ಎಂದು ಮರುಳಸಿದ್ಧ ಕೇಳಿದ.

ಮಠದ ಔಷಧಿಗಳನ್ನು ಆನ್‌ಲೈನಿನಲ್ಲಿ ಮಾರುವ ಹೊಣೆ ಅವನದು. ಯಾರು ಯಾವ ಕಾಯಿಲೆಗೆ ಏನು ತರಿಸಿಕೊಂಡರು ಎಂಬ ಪಟ್ಟಿಯನ್ನು ಒಂದು ಕಂಪನಿ ಕೇಳುತ್ತಿತ್ತು. ಕೊಟ್ಟರೆ ಮಠದ ಶಾಲೆಗೆ ಕಟ್ಟಡ ಕಟ್ಟಿಸಿಕೊಡುತ್ತೇವೆ ಎಂದಿತ್ತು. ಗೌಪ್ಯತಾ ನೀತಿಯ ಹದಿನೇಳನೆಯ ಪುಟದಲ್ಲಿ ಇದಕ್ಕೆ ಅವಕಾಶವಿದೆ, ಕೊಂಡವರೆಲ್ಲ ‘ಒಪ್ಪಿದ್ದೇನೆ’ ಎಂದು ಒತ್ತಿದ್ದಾರೆ ಎಂದು ಅವನು ವಿವರಿಸಿದ. ನೀತಿಯನ್ನು ತಾನೇ ಕೂತು ಬರೆದದ್ದರಿಂದ ಅದು ಅವನಿಗೆ ಬಾಯಿಪಾಠವಾಗಿತ್ತು.

ಗುರುಗಳ ಮುಖ ಬಿಗಿಯಿತು. ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಔಷಧಿ ವರ್ತಕ. ಅಂಗಡಿಯ ಗೋಡೆಗೆ ಆಳುದ್ದದ ಹಲಗೆಯೊಂದನ್ನು ನಿಲ್ಲಿಸಿದ್ದ. ‘ನಿಮ್ಮ ಗುಟ್ಟು ನಮ್ಮ ಪ್ರಾಣ’ ಎಂದು ಅದರ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದ. ಕೆಳಕೆಳಗೆ ಅಕ್ಷರ ಸಣ್ಣದಾಗುತ್ತ ಹೋಗಿತ್ತು. ಬುಡದಲ್ಲಿ ಜೇನಿನ ಜಾಡಿಗಳು ಅಡ್ಡ ಕೂತಿದ್ದವು.

ಅದೇ ಊರಿನ ಸೂಲಗಿತ್ತಿಯ ಮಗಳಿಗೆ ಮೂರ್ಛೆ ರೋಗವಿತ್ತು. ಊರಿಗೆ ಗೊತ್ತಾದೀತೆಂದು ಔಷಧಿ ಕೇಳಲು ಹೆದರಿ ನಿಂತಿದ್ದ, ಓದು ಬಾರದ ಆ ತಾಯಿಗೆ ಹಲಗೆಯ ನೆತ್ತಿಯ ಸಾಲನ್ನು ಓದಿ ಹೇಳಿದವನು ವರ್ತಕನೇ. ಆಕೆ ನಂಬಿದಳು. ಔಷಧಿಯಿಂದ ಮಗಳು ಚೇತರಿಸಿಕೊಂಡಳು, ಗಂಡೂ ಕೂಡಿಬಂತು.

ಹುಡುಗನ ಕಡೆಯವರು ಬಂದು ಕೂತಿದ್ದರು. ಅವರಿಗೆ ಕಾಯಿಲೆಯ ಮಾತನ್ನು ತಾನೇ ಸಮಯ ನೋಡಿ ಹೇಳಬೇಕೆಂದು ಹುಡುಗಿ ಎದೆ ಗಟ್ಟಿ ಮಾಡಿಕೊಂಡಿದ್ದಳು. ಅಷ್ಟರಲ್ಲಿ ತಾಯತ ಮಾರುವವನೊಬ್ಬ ಬಾಗಿಲಿಗೆ ಬಂದು, ಅವಳ ಹೆಸರು ಹಿಡಿದು ಕೂಗಿ, ಔಷಧಿ ಅಂಗಡಿಯಲ್ಲಿ ಹೇಳಿದರು, ನಿನ್ನ ಮೂರ್ಛೆಗೆ ತಾಯತ ತಂದಿದ್ದೇನೆ ಎಂದ. ಬಂದವರು ನೀರನ್ನೂ ಮುಟ್ಟದೆ ಎದ್ದು ಹೋದರು.

ಸೂಲಗಿತ್ತಿ ಅಂಗಡಿಗೆ ನುಗ್ಗಿದಳು. ವರ್ತಕ ನಿಧಾನವಾಗಿ ಜಾಡಿ ಸರಿಸಿ ಕೊನೆಯ ಸಾಲು ತೋರಿಸಿದ. ಕೊಂಡವರ ವಿವರವನ್ನು ಬೇಕಾದವರಿಗೆ ಕೊಡಲಾಗುವುದು, ಒಳಗೆ ಕಾಲಿಟ್ಟವರು ಒಪ್ಪಿದಂತೆ ಎಂದು ಅಲ್ಲಿತ್ತು. ಅದನ್ನೂ ಅವನೇ ಓದಿ ಹೇಳಿದ, ನಾಚಿಕೆಗೆಟ್ಟವನು.

ಅಂಗಡಿಯ ತುಂಬ ಜನ. ಸೂಲಗಿತ್ತಿಯ ಮೈಯೆಲ್ಲ ಉರಿಯುತ್ತಿತ್ತು. ವರ್ತಕನ ಮನೆಯ ಬಾಣಂತಿ ಕೋಣೆಯಲ್ಲಿ ನಡೆದದ್ದೊಂದು ಆಕೆಗೆ ಗೊತ್ತಿತ್ತು. ಒಂದು ಮಾತು ಆಡಿದ್ದರೆ ಸಾಕು, ಅವನ ಮನೆ ಮುರಿಯುತ್ತಿತ್ತು. ಆಕೆ ಬಾಯಿ ತೆರೆದದ್ದು ಕಂಡದ್ದೇ ಅವನಿಗೂ ಅದು ನೆನಪಾಯಿತು. ಗದ್ದುಗೆಯಿಂದ ಇಳಿದು ಕೈ ಮುಗಿದ.

ಆಕೆ ಹೇಳಿದಳು: “ನಿಮ್ಮನೆ ಒಳಗೆ ಬಂದಾಗ ನಾನು ಯಾವ ಹಲಗೇನೂ ತಂದಿರಲಿಲ್ಲ, ಸಾಹುಕಾರ್ರೆ. ಅದಕ್ಕೇ ನಿಮ್ಮ ಮಾತು ನನ್ನ ಹೊಟ್ಟೆಯೊಳಗೇ ಇರ್ತದೆ. ಹೆದರಬ್ಯಾಡಿ.”

ಅಂದಿನಿಂದ ಮಗಳ ಔಷಧಿಗೆ ಆಕೆ ಪಕ್ಕದೂರಿಗೆ ಎರಡು ಹರದಾರಿ ನಡೆದಳು.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನಿಗೆ ಸಮಾಧಾನವಾಗಲಿಲ್ಲ. ವರ್ತಕ ಕೆಟ್ಟವನಿರಬಹುದು, ಆದರೆ ಸುಳ್ಳನಲ್ಲ, ಎಲ್ಲವನ್ನೂ ಬರೆದೇ ಇಟ್ಟಿದ್ದನಲ್ಲ ಎಂದ. ನಾವೂ ಹಾಗೇ ಬರೆದಿದ್ದೇವೆ ಎಂದೂ ಸೇರಿಸಿದ.

ಗುರುಗಳು ಅವನನ್ನೇ ದಿಟ್ಟಿಸಿ ಕೇಳಿದರು: “ಹಾಗಾದರೆ ಆ ಸಾಲನ್ನು ಮೊದಲನೆಯ ಪುಟದಲ್ಲಿ ಯಾಕೆ ಬರೆಯಲಿಲ್ಲ?”