ಬಂತೋಬಂಡೆಯ ಮಹಾತ್ಮೆ

ಕಾಷಾಯಧಾರಿಗಳಾದ ಭಿಕ್ಷುಗಳು ಭಿಕ್ಷಾಪಾತ್ರೆಯೊಂದನ್ನೇ ಸರ್ವಸ್ವವೆಂದು ಬಗೆದು ಭೀಮರಥೀತೀರದ ಗ್ರಾಮಗ್ರಾಮಗಳಲ್ಲಿ ಧರ್ಮಸಂಚಾರ ಮಾಡುತ್ತಿದ್ದ ಪುಣ್ಯಪುರಾತನ ಕಾಲದಲ್ಲಿ, ಇಂದು ಭಕ್ತಮಹಾಜನರು ಪಾದರಕ್ಷೆ ಕಳಚಿ ನಮಸ್ಕರಿಸುವ ಈ ಬಂಡೆಯ ಎರಡೂ ಬದಿಗೆ ನವಣೆಯ ಹೊಲಗಳೆರಡು ಶೋಭಿಸುತ್ತಿದ್ದವು. ಪೂರ್ವದ ಹೊಲ ಸೋಮಬ್ಬೆಯದು. ಪಶ್ಚಿಮದ್ದು ಆಕೆಯ ಒಡಹುಟ್ಟಿದ ತಂಗಿ ನೀಲಬ್ಬೆಯದು. ಬೇರೆ ಕ್ಷೇತ್ರಗಳ ಪುರಾಣಗಳಲ್ಲಿ ಮಹರ್ಷಿಗಳೂ ಮಹಾರಾಜರೂ ಬರುತ್ತಾರೆ. ಬರಲಿ, ನಮಗೇನೂ ಹೊಟ್ಟೆಯುರಿಯಿಲ್ಲ. ನಮ್ಮ ಕ್ಷೇತ್ರದ ಪುರಾಣದಲ್ಲಿ ಬರುವವಳು ಹಕ್ಕಿ ಕಾಯುವ ಹೆಂಗಸು.

ತೆನೆಯಲ್ಲಿ ಹಾಲು ತುಂಬುವ ದಿನಗಳಲ್ಲಿ ಈ ಸೀಮೆಯ ಸ್ತ್ರೀಯರು ಹೊಲದ ನಡುವೆ ಕಟ್ಟಿದ ಅಟ್ಟಣೆಯನ್ನೇರಿ, ಸೂರ್ಯೋದಯದಿಂದ ಅಸ್ತಮಾನಪರ್ಯಂತ ಕವಣೆ ಹಿಡಿದು, ಪಕ್ಷಿಸಮೂಹದಿಂದ ಬೆಳೆಯನ್ನು ರಕ್ಷಿಸುವುದು ವಾಡಿಕೆ. ಆ ಕೆಲಸಕ್ಕೊಂದು ಕಟ್ಟುಪಾಡಿತ್ತು: ಬಂದ ಹಕ್ಕಿಯ ಹೆಸರನ್ನು ಮೊದಲು ಗಟ್ಟಿಯಾಗಿ ಕೂಗಬೇಕು, ಕವಣೆಯ ಮಾತು ಆಮೇಲೆ. “ಗುಬ್ಬಿ ಬಂತೋ!” ಎಂದು ಕೇಳಿದರೆ ಪಕ್ಕದ ಹೊಲದವಳು ಚಪ್ಪಾಳೆಗೆ ಸಿದ್ಧಳಾಗುವಳು, “ಗಿಳಿ ಬಂತೋ!” ಎಂದು ಕೇಳಿದರೆ ಕಲ್ಲಿಗೆ. ಹೀಗೆ ಒಬ್ಬಳ ಕೂಗು ಇನ್ನೊಬ್ಬಳ ಬೆಳೆಯನ್ನು ಕಾಯುತ್ತಿರಲಾಗಿ, ಹಿಂಡು ಎಲ್ಲಿಯೂ ಇಳಿಯಲಾರದೆ ನದಿ ದಾಟಿ ಹೋಗುತ್ತಿತ್ತು.

ಇಂತಿರಲು ಒಂದು ದಿನ ನೀರು ಸೇದುವಲ್ಲಿ ಸೋಮಬ್ಬೆಯು ಹತ್ತು ಮಂದಿ ಹೆಂಗಸರೆದುರು, “ನಮ್ಮ ನೀಲಿಗೆ ಗುರಿ ಎಲ್ಲಿದೆ? ಅವಳು ಗಿಳಿಗೆ ಬೀಸಿದರೆ ಕಲ್ಲು ಎಮ್ಮೆಗೆ ಬೀಳುತ್ತೆ!” ಎಂದುಬಿಟ್ಟಳು. ಆಡಿದ್ದು ತಮಾಷೆಗೇ, ಆದರೆ ಹಕ್ಕಿ ಕಾಯುವವಳ ಗುರಿಯನ್ನು ಹಳಿಯುವುದೂ ಒಂದೇ, ಮುಖಕ್ಕೆ ಉಗುಳುವುದೂ ಒಂದೇ. ನೀಲಬ್ಬೆಗೆ ಮೈಯೆಲ್ಲ ಉರಿದುಹೋಯಿತು. ಅಂದಿನಿಂದ ಅಕ್ಕತಂಗಿಯರ ಮಾತು ನಿಂತಿತು, ಕೂಗೂ ನಿಂತಿತು. ತಂಗಿ ತುಟಿ ಬಿಚ್ಚದೆ ಬೀಸಿದ ಕಲ್ಲಿಗೆ ಬೆದರಿದ ಗಿಳಿವಿಂಡು ಅಕ್ಕನ ಹೊಲಕ್ಕೆ. ಅಕ್ಕ ಹಲ್ಲು ಕಚ್ಚಿ ಬೀಸಿದ ಕಲ್ಲಿಗೆ ಅದೇ ಗಿಳಿವಿಂಡು ತಂಗಿಯ ಹೊಲಕ್ಕೆ. ಆಹಾ, ಆ ಗಿಳಿಗಳ ಭಾಗ್ಯವೇ ಭಾಗ್ಯ! ಎಂಟು ದಿನಗಳಲ್ಲಿ ಎರಡೂ ಹೊಲಗಳ ಅರ್ಧ ತೆನೆ ಬರಿದಾಯಿತು. ಕೊಯ್ಲಿಗೆ ಇನ್ನೂ ಆರು ದಿನ. ಹೀಗೆಯೇ ನಡೆದರೆ ಎರಡು ಮನೆಗಳ ವರ್ಷದ ಅನ್ನ ಮಣ್ಣುಪಾಲಾಗುವುದೆಂದೂ, ಅದರೊಂದಿಗೆ ತನಗಿದ್ದ ಒಬ್ಬಳೇ ಅಕ್ಕನೂ ಕೈತಪ್ಪುವಳೆಂದೂ ನೀಲಬ್ಬೆ ಬಲ್ಲಳು. ಬಲ್ಲಳಾದರೂ, ಅವಳೇ ಮೊದಲು ಕೂಗಲಿ ಎಂಬ ಹಟ.

ಒಂಬತ್ತನೆಯ ದಿನದ ಪೂರ್ವಾಹ್ನದಲ್ಲಿ, ಉಪಶಾಂತನೆಂಬ ನಾಮಧೇಯದ ವೃದ್ಧಭಿಕ್ಷುವು ಭಿಕ್ಷಾಟನೆಗೆಂದು ಈ ಮಾರ್ಗವಾಗಿ ಬಂದು, ಹೊಲಗಳ ನಡುವಿನ ಬಂಡೆಯ ಮೇಲೆ ಕ್ಷಣಕಾಲ ವಿಶ್ರಮಿಸಿದನು. ಕೂತಿದ್ದೇ ತಡ, ನೀಲಬ್ಬೆಯ ಕವಣೆಗಲ್ಲು ಸುಂಯ್ಯೆಂದು ಆ ಮಹಾತ್ಮನ ಕಿವಿಯ ಪಕ್ಕದಲ್ಲೇ ಹಾದುಹೋಯಿತು. (ಗುರಿಯ ವಿಷಯದಲ್ಲಿ ಸೋಮಬ್ಬೆ ಹೇಳಿದ್ದು ಪೂರ್ತಿ ಸುಳ್ಳೆಂದು ನಾವೂ ವಾದಿಸಲಾರೆವು.) “ಅಯ್ಯಯ್ಯೋ, ಕೆಟ್ಟೆ!” ಎಂದು ಅವಳು ಅಟ್ಟಣೆಯಿಂದ ಧುಮುಕಿ ಓಡಿಬಂದು ಕಾಲಿಗೆರಗಿದಳು. ಯಾವ ಹಕ್ಕಿಗೆ ಬೀಸಿದೆಯೆಂದು ಭಿಕ್ಷುವು ಕೇಳಲಾಗಿ ಅವಳು ಸಿಟ್ಟಿನಿಂದ ಪೂರ್ವದತ್ತ ನೋಡಿದಳು. ಬೀಸುವಾಗ ಕಣ್ಣಿದ್ದದ್ದು ಹಕ್ಕಿಯ ಮೇಲಲ್ಲ, ಅಕ್ಕನ ಅಟ್ಟಣೆಯ ಮೇಲೆ. ಆಗ ಆ ಕರುಣಾಳು ಮಂದಹಾಸಪೂರ್ವಕವಾಗಿ ನುಡಿದ ದಿವ್ಯವಾಕ್ಯವಿದು:

“ಮಗಳೇ, ನವಣೆಗೆ ಬರುವುದನ್ನು ಬಲ್ಲ ನೀನು ಮನಸ್ಸಿಗೆ ಬರುವುದನ್ನೂ ಅರಿ. ಕೋಪ ಬಂದಾಗ ಕೋಪ ಬಂದಿದೆಯೆಂದು ಅರಿ. ಹೋದಾಗ ಹೋಯಿತೆಂದು ಅರಿ. ಹರ್ಷವಾದರೂ ಹಾಗೆಯೇ. ಅದಕ್ಕೆ ಕಲ್ಲನ್ನೂ ಬೀಸಬೇಡ, ಕಾಳನ್ನೂ ಹಾಕಬೇಡ. ಹೆಸರು ಹಿಡಿದು ಗುರುತಿಸು, ಸಾಕು. ಬಂದದ್ದು ತಾನಾಗಿ ಹಾರಿಹೋಗುವುದು.”

ಇಷ್ಟು ನುಡಿದು, ಅವಳು ನೀಡಿದ ಅಂಬಲಿಯನ್ನು ಸ್ವೀಕರಿಸಿ, ಭಿಕ್ಷುವು ನದಿಯತ್ತ ನಡೆದನು. ನೀಲಬ್ಬೆ ಅದೇ ಬಂಡೆಯ ಮೇಲೆ ಕುಳಿತು ತನ್ನ ಮನಸ್ಸನ್ನು ಕಾಯತೊಡಗಿದಳು. ಬೇರೆಯವರಾಗಿದ್ದರೆ ಕಣ್ಣು ಮುಚ್ಚಿ, ಮೌನಮುದ್ರೆ ಧರಿಸಿ, ಒಳಗೊಳಗೇ ಗುರುತಿಸುತ್ತಿದ್ದರೇನೋ. ಆದರೆ ಏಳು ವರ್ಷದವಳಿದ್ದಾಗಿನಿಂದ ಹಕ್ಕಿ ಕಾದವಳು ಅವಳು. ಗುರುತಿಸಿದ್ದನ್ನು ಕೂಗದೆ ಸುಮ್ಮನಿರುವುದು, ಅದೂ ಎಂಟು ದಿನ ಬಿಗಿಹಿಡಿದ ಮೇಲೆ, ಆ ಗಂಟಲಿಗೆ ಸಾಧ್ಯವೇ?

“ಸಿಟ್ಟು ಬಂತೋ!” ಎಂದು ಕೂಗಿದಳು. ದಿಕ್ಕುಗಳು ಮಾರ್ದನಿಗೊಟ್ಟವು. “ಹೊಟ್ಟೆಕಿಚ್ಚು ಬಂತೋ! ಅಕ್ಕನ ಗುರಿ ನನಗಿಂತ ಚೆಂದ, ಅದಕ್ಕೇ ಬಂತೋ!” ಎಂದಳು. “ಅಳು ಬಂತೋ!” ಎಂದಳು, ಅತ್ತಳು. ಕಣ್ಣೊರೆಸಿಕೊಂಡು ಸಿಟ್ಟನ್ನು ಹುಡುಕಿದರೆ, ಏನಾಶ್ಚರ್ಯ, ಅದು ಇದ್ದ ಜಾಗದಲ್ಲಿ ಇಲ್ಲ! “ಸಿಟ್ಟು ಹೋಯ್ತೋ!” ಎಂದು ಎದ್ದು ನಿಂತು ಕೂಗಿದಳು. ಎಷ್ಟು ಹಗುರವಾಯಿತೆಂದರೆ, ಅದರ ಅಡಿಯಲ್ಲಿ ಅಷ್ಟು ದಿನವೂ ಅವಿತಿದ್ದದ್ದು ತಾನಾಗಿ ಬಾಯಿಗೆ ಬಂತು: “ಅಕ್ಕ ಬೇಕು ಅನ್ನಿಸ್ತೋ!”

ಕೂಗಿದ ಮೇಲಷ್ಟೇ ಅವಳಿಗೆ ಅರಿವಾಯಿತು, ಬಂಡೆಯಿಂದ ಅಕ್ಕನ ಅಟ್ಟಣೆಗೆ ಹತ್ತೇ ಮಾರು ದೂರ. ಬಾಯಿ ಮುಚ್ಚಿಕೊಂಡಳು. ಪೂರ್ವದಿಂದ ಗಿಳಿಗಳು ಕಟಕಟನೆ ತೆನೆ ಮುರಿಯುವುದಷ್ಟೇ ಕೇಳುತ್ತಿತ್ತು. ನೀಲಬ್ಬೆಗೆ ಹೆದರಿಕೆ ಬಂದಿತ್ತು, ಅದನ್ನೂ ಗುರುತಿಸಿ ಸುಮ್ಮನೆ ನಿಂತಳು.

“ನಾಚಿಕೆ ಬಂತೋ, ನೀಲೀ!” ಎಂದು ಅಕ್ಕ ಅಟ್ಟಣೆಯ ಮೇಲಿಂದ ಕೂಗಿದಳು. “ಹತ್ತು ಜನರೆದುರು ನಿನ್ನನ್ನ ಹಾಗಂದೆನಲ್ಲೇ, ನನಗೆ ನಾಚಿಕೆ ಬಂತೋ! ಅಳೂ ಬಂತೋ!”

“ನನಗೆ ನಗು ಬಂತೋ!” ಎಂದು ನೀಲಬ್ಬೆ ಅಳುತ್ತಲೇ ನಕ್ಕಳು.

“ಅಯ್ಯೋ ಹುಚ್ಚಿ, ನಗು ಆಮೇಲೆ, ಗಿಳಿ ಬಂತೋ!”

ನೀಲಬ್ಬೆ ಓಡಿ ತನ್ನ ಅಟ್ಟಣೆ ಏರಿದಳು, ಎರಡು ಕವಣೆಗಳೂ ಒಟ್ಟಿಗೇ ಸುಂಯ್ಯೆಂದವು. ಹರಿದ್ವರ್ಣದ ಆ ಮಹಾವಿಂಡು ಮೇಲೆದ್ದು, ಅತ್ತಲೂ ಇಳಿಯಲಾರದೆ ಇತ್ತಲೂ ಇಳಿಯಲಾರದೆ, ಕಿರುಚುತ್ತ ನದಿ ದಾಟಿ ಹೋಯಿತು. ಉಳಿದ ಅರ್ಧ ಬೆಳೆಯನ್ನು ಅಕ್ಕತಂಗಿಯರು ಒಂದೇ ಕಣದಲ್ಲಿ ತುಳಿಸಿ, ನೆಲದಡಿಯ ಒಂದೇ ಹಗೇವಿನಲ್ಲಿ ತುಂಬಿದರು. ಮುಂದಿನ ಮಳೆಯವರೆಗೆ ಎರಡೂ ಮನೆಗಳಲ್ಲಿ ಒಲೆ ಆರಲಿಲ್ಲ.

ಅಂದಿನಿಂದ ಬಂತೋಬಂಡೆಯೆಂದು ವಿಖ್ಯಾತವಾದ ಈ ಶಿಲೆಯನ್ನು ನವಣೆ ಹಾಲುಗಟ್ಟುವ ಮಾಸದ ಹುಣ್ಣಿಮೆಯ ಹಗಲಿನಲ್ಲಿ ಭಕ್ತರು ಏರಿ, ಆ ಕ್ಷಣ ಮನಸ್ಸಿಗೆ ಬಂದದ್ದನ್ನು, ಸಿಟ್ಟಾಗಲಿ, ಸಂತೋಷವಾಗಲಿ, ಮುಚ್ಚುಮರೆಯಿಲ್ಲದೆ ಕೂಗಿ ಇಳಿಯುವರು. ನಾಚಿಕೊಳ್ಳಬೇಡಿ, ದೊಡ್ಡ ದೊಡ್ಡವರೆಲ್ಲ ಕೂಗಿ ಹೋಗಿದ್ದಾರೆ. ಪೂರ್ವದ ಹೊಲದಲ್ಲಿ ಆ ದಿನ ಅಟ್ಟಣೆ ಕಟ್ಟಿ, ಊರಿನ ಯಾವಳಾದರೂ ಒಬ್ಬ ಅಕ್ಕ ಬೆಳಗಿನಿಂದ ಸಂಜೆಯವರೆಗೆ ಅದರ ಮೇಲೆ ಕುಳಿತಿರಬೇಕೆಂಬುದು ಕ್ಷೇತ್ರದ ಕಟ್ಟಳೆ. ಕೂಗಿದವರು ಯಾರೇ ಆಗಲಿ, ಏನೇ ಕೂಗಲಿ, “ನನಗೂ ಬಂತೋ!” ಎಂದು ಅವಳು ಉತ್ತರ ಕೊಡುತ್ತಾಳೆ.